ಕುರುಗೋಡಿನ ಹೊಲದಲ್ಲಿ ನಾಲ್ಕು ಪುಸ್ತಕ

೧೮೯೮ ನವೆಂಬರ್ ೬, ಭಾನುವಾರ

ಸಿರುಗುಪ್ಪದಲ್ಲಿ ಅಣ್ಣನ ಮನೆಯ ಪಡಸಾಲೆಯಲ್ಲಿ ಕುಳಿತು ಇದನ್ನು ಬರೆಯುತ್ತೇನೆ ಅಂದುಕೊಂಡಿದ್ದೆ. ಬರೆಯುತ್ತಿರುವುದು ಕುರುಗೋಡಿನ ಹೊರಗೆ, ಯಾರದೋ ಎರೆಹೊಲದಲ್ಲಿ, ಜೋಳದ ದಂಟಿನ ಗುಡಿಸಲೊಳಗೆ.

ಬಳ್ಳಾರಿಗೆ ಪ್ಲೇಗು ಬಂದಿದ್ದರೂ ನಮ್ಮ ಕೌಲ್ ಬಜಾರಿನ ಓಣಿಗೆ ಬಂದಿರಲಿಲ್ಲ. ಹೋದ ಗುರುವಾರ ಎದುರುಮನೆಯ ಅಟ್ಟದಿಂದ ಸತ್ತ ಇಲಿ ಬಿತ್ತು. ಮರುದಿನ ಆ ಮನೆಯ ಅಜ್ಜ ತೀರಿಕೊಂಡರು. ನನ್ನ ಮನೆಯವರು ಕೂಡಲೇ ಕೆಂಚಣ್ಣನ ಬಂಡಿ ಗೊತ್ತು ಮಾಡಿ ಅತ್ತೆಯನ್ನೂ ಮಗಳು ಮುಮ್ತಾಜಳನ್ನೂ ನನ್ನನ್ನೂ ಹತ್ತಿಸಿದರು.

"ದಂಡಿನವರ ಕುದುರಿ ಜೀನು ಒಂದಿಷ್ಟು ಹೊಲಿಯೋದು ಉಳದೈತಿ. ಮುಗಿಸಿ, ಅಂಗಡಿಗೆ ಕೀಲಿ ಹಾಕಿ ನಾಕು ದಿನದಾಗ ಬರ್ತೀನಿ. ನೀವು ನಡೀರಿ," ಅಂದರು.

ಕೊಳಗಲ್ಲಿನಲ್ಲಿ ರಾತ್ರಿ ಕಳೆದು ಇಲ್ಲಿಗೆ ಬಂದರೆ ಚೌಕಿಯವನು ಬಂಡಿ ತಡೆದ. ಬಳ್ಳಾರಿಯಿಂದ ಬಂದವರು ಹತ್ತು ದಿನ ಊರ ಹೊರಗೇ ಇರಬೇಕಂತೆ. ಎಲ್ಲಿರಬೇಕು ಎಂದು ಕೇಳಿದರೆ ಅವನಿಗೂ ಗೊತ್ತಿಲ್ಲ. ಆಗ ದೊಡ್ಡಬಸಮ್ಮ ಎಂಬ ಹೆಂಗಸು ದೂರದಿಂದಲೇ ಕೂಗಿ ಹೇಳಿದಳು: "ನನ್ನ ಹೊಲದಾಗ ಕಾವಲಗಾರನ ಗುಡಿಸಲೈತಿ, ಅಲ್ಲಿ ಇರ್ರಿ. ನನ್ನ ಹತ್ರ ಮಾತ್ರ ಬರಬ್ಯಾಡ್ರಿ." ಇದು ಉಪಕಾರವೋ ತಿರಸ್ಕಾರವೋ ತಿಳಿಯಲಿಲ್ಲ.

ಹೊರಡುವ ಗಡಿಬಿಡಿಯಲ್ಲಿ ಅತ್ತೆ ಹಿಟ್ಟು, ಹಂಚು, ಕೌದಿ ಕಟ್ಟಿಕೊಂಡರು. ನಾನು ಕಟ್ಟಿಕೊಂಡದ್ದು ನಾಲ್ಕು ಪುಸ್ತಕ. ರಾಜಕುಮಾರಿಯ ಕಾದಂಬರಿ, ಹಡಗಿನ ಪ್ರವಾಸದ ಪುಸ್ತಕ, ಮನೆಮದ್ದಿನ ಪುಸ್ತಕ, ಮತ್ತೆ ಅಬ್ಬಾ ಸಿರುಗುಪ್ಪದ ಸಾಲೆಯಲ್ಲಿ ಕಲಿಸುತ್ತಿದ್ದ ಭೂಗೋಳ. ಹೆಣ್ಣುಮಕ್ಕಳಿಗೆ ಯಾಕೆ ಎಂದು ಊರೆಲ್ಲ ಅಂದರೂ ಅವರು ನನಗೆ ಓದು ಕಲಿಸಿದರು. ದಿನಚರಿ ಬರೆಯುವ ಚಟವೂ ಅವರದೇ. ಈ ತಿಂಗಳು ಕಾದಂಬರಿ ಮುಗಿಸಿ ಹಡಗು ಹತ್ತಬೇಕು. ಆಮೇಲೆ ಸಿರುಗುಪ್ಪದಲ್ಲಿ ಅಣ್ಣ ಇಮಾಮಹುಸೇನನ ಬಳಿ ಉಳಿದಿರುವ ಅಬ್ಬಾರ ಪುಸ್ತಕಗಳನ್ನು ಒಂದೊಂದಾಗಿ.

ನವೆಂಬರ್ ೮, ಮಂಗಳವಾರ

ಹನ್ನೊಂದನೆಯ ಅಧ್ಯಾಯವನ್ನು ಮತ್ತೆ ಮತ್ತೆ ಓದಿದೆ. ರಾಜಕುಮಾರಿ ಕಾಡಿನಲ್ಲಿ ದಾರಿ ತಪ್ಪಿದ್ದಾಳೆ. ಅವಳು ಎಡಕ್ಕೆ ತಿರುಗಿದಳೋ ಬಲಕ್ಕೋ ತಲೆಯಲ್ಲಿ ನಿಲ್ಲುವುದಿಲ್ಲ. ಪುಟ ತಿರುವುವ ಹೊತ್ತಿಗೆ ಕಿವಿ ರಸ್ತೆಯ ಕಡೆ ಹೋಗಿರುತ್ತದೆ.

ಕಾದಂಬರಿ ಬಿಟ್ಟು ಮದ್ದಿನ ಪುಸ್ತಕ ತೆಗೆದೆ. ಊರಜಾಡ್ಯ ಬಂದಾಗ ಕೆಟ್ಟ ಗಾಳಿ ಒಳಗೆ ಬಾರದಂತೆ ಬಾಗಿಲು ಮುಚ್ಚಿ ಬೇವಿನ ಹೊಗೆ ಹಾಕಿರಿ ಎಂದಿದೆ. ಚೌಕಿಯವನು ಕೊಟ್ಟ ಸರಕಾರದ ಕಾಗದದಲ್ಲಿ, ಒಂದು ಮಗ್ಗುಲು ತೆಲುಗು ಇನ್ನೊಂದು ಮಗ್ಗುಲು ಕನ್ನಡ, ಬಾಗಿಲು ತೆರೆಯಿರಿ, ಹೆಂಚು ತೆಗೆದು ಗಾಳಿ ಬಿಸಿಲು ಬಿಡಿರಿ ಎಂದಿದೆ. ಬಾಯಿಮಾತು ಹತ್ತು ಬಾಗಿಲು ದಾಟಿದರೆ ಬೇರೆಯಾಗುತ್ತದೆ, ಅಚ್ಚಾದದ್ದು ಹಾಗೇ ಉಳಿಯುತ್ತದೆ ಎಂದು ಅಬ್ಬಾ ಹೇಳುತ್ತಿದ್ದರು. ಎರಡು ಅಚ್ಚು ಎರಡು ಮಾತು ಆಡಿದರೆ ಏನು ಮಾಡಬೇಕೆಂದು ಹೇಳಿರಲಿಲ್ಲ.

ಅತ್ತೆಗೆ ಎರಡನ್ನೂ ಓದಿ ಹೇಳಿದೆ.

"ಈ ಗುಡಿಸಲಿಗೆ ಬಾಗಲಾ ಎಲ್ಲೈತಿ, ಮುಚ್ಚಾಕ ತೆರಿಯಾಕ? ಆ ಪುಸ್ತಕ ಅತ್ತಾಗಿಡು. ಹಿಟ್ಟು ನಾದು," ಅಂದರು.

ನವೆಂಬರ್ ೧೧, ಶುಕ್ರವಾರ

ನಾಲ್ಕು ದಿನ ಕಳೆದು ಹೋಯಿತು. ಮನೆಯವರು ಬರಲಿಲ್ಲ.

ಬಂಡಿ ಹೊಡೆದುಕೊಂಡು ಕೊಳಗಲ್ಲಿನವರೆಗೆ ಹೋಗಿದ್ದ ಕೆಂಚಣ್ಣ ಬೆಳಿಗ್ಗೆ ಬಂದ. ನಮ್ಮ ಓಣಿಯನ್ನೇ ಖಾಲಿ ಮಾಡಿಸಿದ್ದಾರಂತೆ.

"ಅಂಗಡಿಗೆ ಕೀಲಿ ಐತಂತವ್ವ. ಅಲ್ಲಾವುದ್ದೀನಣ್ಣನ್ನ ಹಲಕುಂದಿ ಕಡಿ ಕ್ಯಾಂಪಿಗೆ ಒಯ್ದರು ಅಂತ ಒಬ್ಬಾಂವ ಅಂದ. ಇಲ್ಲ, ಆದವಾನಿಗೆ ಹೋದ ಅಂತ ಇನ್ನೊಬ್ಬಾಂವ ಅಂದ."

"ನೀನು ನೋಡಿದಿ ಏನಣ್ಣ?"

"ನನ್ನ ಕೊಳಗಲ್ಲ ದಾಟಿ ಬಳ್ಳಾರಿಗೆ ಬಿಡಲಿಲ್ಲವ್ವ."

ಆದವಾನಿಯಲ್ಲಿ ನಮ್ಮವರು ಯಾರೂ ಇಲ್ಲ. ಕ್ಯಾಂಪಿಗೆ ಒಯ್ಯುವುದು ಜ್ವರ ಬಂದವರನ್ನೋ, ಜ್ವರದ ಮನೆಯ ಪಕ್ಕದವರನ್ನೋ? ಸರಕಾರದ ಕಾಗದ ನೋಡಿದೆ. ಎರಡೂ ಬಗೆಯವರನ್ನು ಎಂದಿದೆ.

ಸಂಜೆ ದೊಡ್ಡಬಸಮ್ಮ ಬದುವಿನ ಆಚೆ ಬಂದು ನಿಂತಳು. ಸೊಂಟದಲ್ಲಿ ಅದೇ ಕಾಗದ. "ನಿನಗ ಓದಾಕ ಬರ್ತೈತಂತಲ್ಲ ತಂಗಿ. ಚೌಕಿಯಾಂವ ಇದನ್ನ ಎಲ್ಲಾರಿಗೂ ಕೊಟ್ಟಾನ, ಓದಾಕ ಅವಗೂ ಬರಲ್ಲ. ಏನೈತಿ ಇದರಾಗ?"

ಇದ್ದಲ್ಲಿಂದಲೇ ನಮ್ಮ ಕಾಗದ ತೆಗೆದು ಓದಿದೆ. ಅಪರಿಚಿತರಿಗೆ ಕೇಳುವಷ್ಟು ಜೋರಾಗಿ ಓದಿದ್ದು ಸಾಲೆ ಬಿಟ್ಟ ಮೇಲೆ ಇದೇ ಮೊದಲು. ನಾಲಿಗೆ ತೊಡರಿತು. ಅವಳು ಕೇಳಿಸಿಕೊಂಡು, ತಲೆಯಾಡಿಸಿ, ಬದುವಿನ ಮೇಲೆ ಒಂದು ಗಡಿಗೆ ಮಜ್ಜಿಗೆ ಇಟ್ಟು ಹೋದಳು.

ನವೆಂಬರ್ ೧೨, ಶನಿವಾರ

ಏನೂ ಓದಲಿಲ್ಲ.

ನವೆಂಬರ್ ೧೬, ಬುಧವಾರ

ಹತ್ತು ದಿನ ಮುಗಿಯಿತು. ಚೌಕಿಯವನು ಬಂದು ನಮ್ಮ ಮುಖ ನೋಡಿ, ಇನ್ನು ಹೋಗಬಹುದು ಅಂದ. ಅವನ ಬೆನ್ನಿಗೇ ಅಣ್ಣ ಹೇಳಿಕಳಿಸಿದ ಮಾತು ಬಂತು: ಸಿರುಗುಪ್ಪದವರು ಬಳ್ಳಾರಿಯ ಯಾರನ್ನೂ ಊರೊಳಗೆ ಬಿಡುತ್ತಿಲ್ಲ, ಹೊಳೆಯ ಕಡೆಯಿಂದಲೂ ಬಿಡುತ್ತಿಲ್ಲ, ತಾನು ಹೇಳಿಕಳಿಸುವವರೆಗೆ ಬರಬೇಡ.

ಒಡಹುಟ್ಟಿದ ಅಣ್ಣ. ಸಿಟ್ಟು ಬರಬೇಕಿತ್ತು. ಅವನ ಮನೆಯಲ್ಲಿಯೂ ಮಕ್ಕಳಿವೆ ಎಂದು ನೆನಪಾಯಿತು. ಆಮೇಲೆ ಮತ್ತೆ ಸಿಟ್ಟು ಬಂತು. ಯಾವುದು ಸರಿಯೋ.

ದೊಡ್ಡಬಸಮ್ಮ ಇವತ್ತು ಬದು ದಾಟಿ ಬಂದಳು. ಜೊತೆಗೆ ಈರಮ್ಮ ಎಂಬ ಮುದುಕಿ, ಹತ್ತಿ ಹೊಲದ ಇನ್ನಷ್ಟು ಹೆಂಗಸರು. ಕಾಗದ ಬೇಡ, ಕಥೆ ಓದು ಅಂದರು. ಎಲ್ಲಿಂದ ಎಂದು ತೋಚದೆ ರಾಜಕುಮಾರಿಯನ್ನು ಮೊದಲಿನಿಂದ ಹಿಡಿದೆ.

"ಅರಮನಿ ಬಿಟ್ಟು ಹೊಂಟಾಳಲ್ಲ, ಬುತ್ತಿ ಕಟಿಗೊಂಡಾಳೋ ಇಲ್ಲೋ?" ಎಂದು ಈರಮ್ಮ ಕೇಳಿದಳು.

"ಅದು ಬರೆದಿಲ್ಲಜ್ಜಿ."

"ಬರದಾಂವ ಗಂಡಸಿರಬೇಕು."

ನಾನು ಒಬ್ಬಳೇ ಓದುವಾಗ ಅವಳ ಹೊಟ್ಟೆಯ ವಿಷಯ ನನಗೆ ಹೊಳೆದೇ ಇರಲಿಲ್ಲ. ಅತ್ತೆ ಬೆನ್ನು ತಿರುಗಿಸಿ ರೊಟ್ಟಿ ತಟ್ಟುತ್ತಿದ್ದರು. ಒಂದೆಡೆ ನಾನು ಎರಡು ಸಾಲು ಹಾರಿಸಿದೆ, ಅಲ್ಲಿ ರಾಜಕುಮಾರಿಯ ಮೈಬಣ್ಣದ ವರ್ಣನೆ ಇತ್ತು. ತಿರುಗದೆಯೇ ಅತ್ತೆ ಅಂದರು: "ಯಾಕ ನಿಂತಿ? ಪೂರಾ ಓದು."

ನವೆಂಬರ್ ೨೦, ಭಾನುವಾರ

ಮನೆಯವರ ಸುದ್ದಿ ದಿನಕ್ಕೊಂದು. ಕ್ಯಾಂಪಿನಲ್ಲಿ ಅಡಿಗೆ ಮಾಡುತ್ತಿದ್ದಾರೆ ಎಂದು ಒಂದು. ಕ್ಯಾಂಪಿನಿಂದ ಓಡಿಹೋದರು ಎಂದು ಒಂದು. ಇನ್ನೊಂದನ್ನು ಕೆಂಚಣ್ಣ ಹೇಳಹೊರಟು, ಅತ್ತೆಯನ್ನು ನೋಡಿ, ಎತ್ತಿಗೆ ನೀರು ಕುಡಿಸಬೇಕೆಂದು ಎದ್ದುಹೋದ. ಅವನು ಹೇಳದೆ ಬಿಟ್ಟದ್ದನ್ನೇ ಮನಸ್ಸು ದಿನವಿಡೀ ಓದುತ್ತಿದೆ.

ಇನ್ನೊಂದು ಗೊಂದಲ. ಬರುವ ಬುಧವಾರ ಬಳ್ಳಾರಿಯಿಂದ ಸೂಜಿಯ ಡಾಕ್ಟರು ಬರುತ್ತಾರಂತೆ. ಪ್ಲೇಗು ಬಾರದಂತೆ ತೋಳಿಗೆ ಚುಚ್ಚುತ್ತಾರಂತೆ. ಊರಲ್ಲಿ ಬಗೆಬಗೆಯ ಮಾತು. ಚುಚ್ಚಿಸಿಕೊಂಡವರಿಗೆ ಮಕ್ಕಳಾಗುವುದಿಲ್ಲ. ಜಾತಿ ಕೆಡುತ್ತದೆ. ಮೂರನೆಯ ದಿನಕ್ಕೆ ಸಾಯುತ್ತಾರೆ. ಇಲ್ಲ, ನೂರು ವರ್ಷ ಬದುಕುತ್ತಾರೆ.

ಇವತ್ತಿನ ಓದು ಮುಗಿಸಿ ಪುಸ್ತಕ ಮುಚ್ಚಿದಾಗ ದೊಡ್ಡಬಸಮ್ಮ ಏಳಲಿಲ್ಲ.

"ನೀ ಓದಿದಾಕಿ. ನಿನ್ನ ಪುಸ್ತಕದಾಗ ಏನೈತಿ? ಚುಚ್ಚಿಸಿಕೋಬೇಕೋ ಬ್ಯಾಡೋ?"

ಎಲ್ಲರೂ ನನ್ನ ಮುಖವನ್ನೇ ನೋಡುತ್ತಿದ್ದರು. ನೋಡಿ ಹೇಳುತ್ತೇನೆ ಅಂದೆ. ಯಾಕೆ ಹಾಗಂದೆನೋ.

ನವೆಂಬರ್ ೨೧, ಸೋಮವಾರ

ನಾಲ್ಕೂ ಪುಸ್ತಕ ತಡಕಾಡಿದೆ. ಮನೆಮದ್ದಿನವನಿಗೆ ಸೂಜಿ ಗೊತ್ತೇ ಇಲ್ಲ. ಭೂಗೋಳದಲ್ಲಿ ಬಳ್ಳಾರಿ ಎಂದರೆ ಗುಡ್ಡ, ಕೋಟೆ, ಹತ್ತಿ. ಕಾದಂಬರಿಯಲ್ಲಿ ರಾಜಕುಮಾರಿಗೆ ಋಷಿಯೊಬ್ಬ ಬೇರು ಕೊಡುತ್ತಾನೆ. ಹಡಗಿನ ಪುಸ್ತಕದಲ್ಲಿ ಮಾತ್ರ, ಅದನ್ನು ನಾನಿನ್ನೂ ಓದಿರಲಿಲ್ಲ, ದೇವಿಬೇನೆ, ಎಂದರೆ ಸಿಡುಬು, ಬಂದ ಹಡಗಿನಲ್ಲಿ ಅರ್ಧ ಜನ ತೋಳಿಗೆ ದೇವಿ ಹಾಕಿಸಿಕೊಂಡು ಬದುಕಿದರು ಎಂದಿದೆ. ಅದು ಬೇರೆ ಬೇನೆ, ಬೇರೆ ಮದ್ದು, ಬೇರೆ ಸಮುದ್ರ. ಇದನ್ನು ಓದಿದರೆ ಜನ ನಂಬಿಬಿಡುತ್ತಾರೆ. ನಂಬಿದವರಿಗೆ ಏನಾದರೂ ಆದರೆ? ಓದದೆ ಮುಚ್ಚಿಟ್ಟು, ಊರಿಗೆ ಬೇನೆ ಬಂದರೆ?

ಅತ್ತೆ ಎದುರಿಗೆ ಬಂದು ಕುಳಿತರು. "ಖಾಜಿ ಹತ್ರ ಕೇಳಿದಂಗ ನಿನ್ನ ಕೇಳಾಕತ್ಯಾರ. ಏನ್ ಹೇಳ್ತಿ?"

"ತಿಳಿಯವಲ್ದು ಅತ್ತಿ."

ನೆಲ ಕೆರೆಯುತ್ತ ಅಂದರು: "ನಿನ್ನ ಮಾವ ದಂಡಿನಾಗ ಕೆಲಸಕ್ಕಿದ್ದಾಗ ಹುಡುಗರಿಗೆಲ್ಲ ದೇವಿ ಹಾಕಸ್ರಿ ಅಂತ ಹುಕುಂ ಆತು. ಹಿರೇ ಮಕ್ಕಳು ಇಬ್ಬರನ್ನ ನನ್ನ ತವರಮನಿಯಾಗ ಮುಚ್ಚಿಟ್ಟೆ. ಅಲ್ಲಾವುದ್ದೀನ ಕೂಸು, ನನ್ನ ಬಿಟ್ಟಿರತಿರಲಿಲ್ಲ. ಅವನೊಬ್ಬಗ ಹಾಕಿದರು. ಆ ವರ್ಷ ದೇವಿ ಬಂತು. ಮುಚ್ಚಿಟ್ಟೋರು ಇಬ್ಬರೂ ಹೋದರು."

ಮದುವೆಯಾಗಿ ಇಷ್ಟು ವರ್ಷವಾದರೂ ಮನೆಯವರಿಗೆ ಅಣ್ಣಂದಿರಿದ್ದರೆಂದು ನನಗೆ ಗೊತ್ತಿರಲಿಲ್ಲ.

"ಹಂಗಾದ್ರ ಚುಚ್ಚಿಸಿಕೋಬೇಕು ಅಂತೀರೇನು?"

"ಹಂಗಂತ ಹೇಳಲಿಲ್ಲ. ಹಾಕಿಸಿದ್ದಕ್ಕ ಉಳದನೋ, ಅವನ ನಸೀಬಿಗೆ ಉಳದನೋ, ನನಗೂ ತಿಳಿದಿಲ್ಲ. ಆಗಿದ್ದು ಹೇಳಿದೆ, ಅಷ್ಟ."

ನವೆಂಬರ್ ೨೨, ಮಂಗಳವಾರ

ಊರೊಳಗೆ ದೊಡ್ಡಬಸಮ್ಮನ ಮನೆಯ, ನೆಲದೊಳಗೆ ಕಾಳು ತುಂಬಿಡುವ ಹಗೇವಿನ ಬಾಯಿ ತೆರೆದರೆ ಸತ್ತ ಇಲಿಗಳಿದ್ದವಂತೆ.

ಮಧ್ಯಾಹ್ನದ ಹೊತ್ತಿಗೆ ಊರ ಹಿರಿಯ ಓಬಣ್ಣ ಒಂದಷ್ಟು ಜನರೊಂದಿಗೆ ಬಂದ. ಬದುವಿನ ಆಚೆಯೇ ನಿಂತ.

"ನೀವು ಬಳ್ಳಾರಿಯಿಂದ ತಂದಿದ್ದು ಇದು. ನಾಳಿ ಹೊತ್ತು ಮುಳುಗೋದರಾಗ ಜಾಗ ಖಾಲಿ ಮಾಡ್ರಿ."

ಮುಮ್ತಾಜ್ ನನ್ನ ಸೆರಗು ಹಿಡಿದುಕೊಂಡಳು. ಎಲ್ಲಿಗೆ ಹೋಗುವುದು? ಹಿಂದೆ ಬಳ್ಳಾರಿ, ಮುಂದೆ ಸಿರುಗುಪ್ಪ. ಎರಡೂ ಕಡೆ ಬಾಗಿಲು ಹಾಕಿದೆ. ನಾವೇ ತಂದೆವೋ ಏನೋ ಎಂದು ನನಗೂ ಒಮ್ಮೆ ಅನಿಸಿತು. ಊರೊಳಗೆ ಕಾಲಿಟ್ಟಿಲ್ಲ, ಆದರೂ ಅನಿಸಿತು.

ದೊಡ್ಡಬಸಮ್ಮ ಓಡುತ್ತ ಬಂದಳು. "ಇಲಿ ಸತ್ತಿದ್ದು ನನ್ನ ಹಗೇವಿನಾಗ. ಇವರು ಇರೋದು ನನ್ನ ಹೊಲದಾಗ. ನಿನಗೇನು ಆಗೇತಿ ಓಬಣ್ಣ? ಹೋದ ಸಂತಿಗೆ ಬಳ್ಳಾರಿ ಜೋಳದ ಚೀಲ ತಂದು ಇಳಿಸಿದಾಂವ ನಿನ್ನ ಅಳಿಯ. ಅವನ್ನ ಖಾಲಿ ಮಾಡಸು ಮೊದಲ."

ಓಬಣ್ಣ ಏನೋ ಗೊಣಗಿ ಹೋದ. ನಾಳೆ ಮತ್ತೆ ಬರುತ್ತೇನೆ ಅಂದಿದ್ದಾನೆ.

ಅವಳು ಅಲ್ಲೇ ಬದುವಿನ ಮೇಲೆ ಕುಸಿದು ಕುಳಿತಳು. ಮಜ್ಜಿಗೆ ಕೊಟ್ಟೆ. "ಮೊನ್ನೆ ಹೇಳ್ತೀನಿ ಅಂದಿದ್ದಿ ತಂಗಿ," ಅಂದಳು. ಹೇಳಲು ಏನಿದೆ?

ನವೆಂಬರ್ ೨೩, ಬುಧವಾರ

ಕ್ರಮವಾಗಿ ಬರೆಯಬೇಕು, ಆದರೆ ಎಲ್ಲ ಕಲಸಿಹೋಗಿದೆ.

ಡಾಕ್ಟರು ಬೆಳಿಗ್ಗೆ ಬಂದು ಚೌಕಿಯ ಹತ್ತಿರ ಹುಣಸೆಮರದ ಕೆಳಗೆ ಮೇಜು ಹಾಕಿಸಿದರು. ತೆಲುಗಿನಲ್ಲಿ ಮಾತಾಡುತ್ತಾರೆ. ಹೆಂಗಸರಿಗೆಂದು ಪರದೆ ಕಟ್ಟಿ, ಒಳಗೆ ಒಬ್ಬ ನರ್ಸಮ್ಮನನ್ನು ಕೂರಿಸಿದ್ದರು. ಶನಿವಾರದವರೆಗೆ ಇರುತ್ತಾರಂತೆ. ಊರೆಲ್ಲ ನೆರೆದಿತ್ತು, ಮರದ ನೆರಳಿನೊಳಗೆ ಮಾತ್ರ ಯಾರೂ ಕಾಲಿಡಲಿಲ್ಲ.

ದೊಡ್ಡಬಸಮ್ಮ, ಈರಮ್ಮ, ಉಳಿದ ಹೆಂಗಸರು ನನ್ನ ಕಡೆ ತಿರುಗಿದರು. ಓಬಣ್ಣನೂ ಕಿವಿ ಕೊಟ್ಟ.

ನಾನು ಹೀಗೆ ಹೇಳಿದೆ ಎಂದು ನೆನಪು: "ಅಕ್ಕಾ, ನಾಕು ಪುಸ್ತಕ ನೋಡಿದೆ. ಇದರ ಬಗ್ಗೆ ಯಾವುದರಾಗೂ ಇಲ್ಲ. ದೇವಿಬ್ಯಾನಿಯಾಗ ಹಾಕಿಸಿಕೊಂಡೋರು ಉಳದ್ರು ಅಂತ ಒಂದರಾಗೈತಿ, ಆದ್ರ ಅದು ಈ ಬ್ಯಾನಿ ಅಲ್ಲ. ಡಾಕ್ಟರು ಇವತ್ತು ಹಂಚಿದ ಸರಕಾರದ ಕಾಗದದಾಗ, ಎರಡು ದಿನ ಜ್ವರ ಬರ್ತೈತಿ, ತೋಳು ಬಾತಕೊಂತೈತಿ, ಹಾಕಿಸಿಕೊಂಡೋರಿಗೂ ಬ್ಯಾನಿ ಬರಬಹುದು, ಸಾಯೋರು ಕಡಿಮಿ ಅಂತೈತಿ. ಇದ್ದಷ್ಟು ಓದೀನಿ. ಖರೇನೋ ಸುಳ್ಳೋ ನನಗ ಗೊತ್ತಿಲ್ಲ. ನಾ ಹಾಕಿಸಿಕೊಂತೀನಿ. ನೀವೂ ಹಾಕಿಸಿಕೋರಿ ಅಂತ ಹೇಳಾಕ ನನಗ ಧೈರ್ಯ ಸಾಲದು."

ಹೆಂಗಸರು ನನ್ನ ಕಡೆಯಿಂದ ಮರದ ಕಡೆ ತಿರುಗಿದರು. ಓದಿದವಳು ಗೊತ್ತಿಲ್ಲ ಅಂದದ್ದಕ್ಕೆ ಬೇಸರವಾಯಿತೇನೋ.

ಪರದೆಯ ಕಡೆ ಹೊರಟೆ. ಅತ್ತೆ ನನ್ನ ರಟ್ಟೆ ಹಿಡಿದು ಹಿಂದಕ್ಕೆಳೆದರು. ಬೇಡ ಅನ್ನುತ್ತಾರೆ ಅಂದುಕೊಂಡೆ.

"ಮೊದಲ ನನಗ ಹಾಕಲಿ. ನಾ ಸತ್ತರ ಕೂಸಿಗೆ ಹಾಕಸಬ್ಯಾಡ. ಅಷ್ಟು ತಿಳಿದಂಗಾತಲ್ಲ," ಎಂದು ಪರದೆಯೊಳಗೆ ಹೋಗಿಬಿಟ್ಟರು.

ಅವರ ಹಿಂದೆ ನಾನು. ನನ್ನ ಹಿಂದೆ, ಹೊರಗೆ ಬರುವಾಗ ನೋಡಿದೆ, ದೊಡ್ಡಬಸಮ್ಮ ಬಳೆ ಮೇಲಕ್ಕೆ ಸರಿಸಿಕೊಳ್ಳುತ್ತ ನಿಂತಿದ್ದಳು. ಬೇರೆ ಯಾರೂ ಬರಲಿಲ್ಲ. ಓಬಣ್ಣ ನಮ್ಮನ್ನು ಖಾಲಿ ಮಾಡಿಸುವ ಮಾತೂ ಎತ್ತಲಿಲ್ಲ.

ನವೆಂಬರ್ ೨೪, ಗುರುವಾರ

ಜ್ವರ. ತೋಳು ಎತ್ತಲಾಗದು. ಅತ್ತೆಗೆ ನನಗಿಂತ ಜಾಸ್ತಿ, ಸತ್ತ ಮಕ್ಕಳ ಹೆಸರು ಕರೆಯುತ್ತಾರೆ. ಇದು ಸೂಜಿಯ ಜ್ವರವೋ ಆ ಜ್ವರವೋ. ಕಂಕುಳು ಮುಟ್ಟಿ ನೋಡಿದೆ, ಗಡ್ಡೆ ಇಲ್ಲ ಅನಿಸುತ್ತದೆ. ಮತ್ತೆ ನೋಡಿದೆ. ತಪ್ಪು ಮಾಡಿದೆನೋ.

ಈರಮ್ಮ ಗಂಜಿ ತಂದು ಕುಡಿಸಿದಳು. ಹಾಕಿಸಿಕೊಳ್ಳದವಳು ಅವಳು.

ನವೆಂಬರ್ ೨೬, ಶನಿವಾರ

ಅತ್ತೆ ಎದ್ದು ಕುಳಿತರು. ಮೊದಲು ಕೇಳಿದ್ದು ರೊಟ್ಟಿ. ಆಮೇಲೆ, "ರಾಜಕುಮಾರಿದು ಎಲ್ಲಿಗೆ ಬಂತು? ನಾ ಮಲಗಿದಾಗ ಮುಂದ ಓದಿಲ್ಲ ಹೌದಲ್ಲ?"

ಓದಿಲ್ಲ ಅಂದೆ.

ಮುಮ್ತಾಜಳನ್ನು ಎತ್ತಿಕೊಂಡು ಹುಣಸೆಮರದ ಬಳಿ ಹೋದೆ. ದಾರಿಯಲ್ಲಿ ಎರಡು ಸಲ ಹಿಂದಕ್ಕೆ ತಿರುಗಿದೆ. ಮನೆಯವರಿದ್ದಿದ್ದರೆ ಕೇಳುತ್ತಿದ್ದೆ, ಅವರು ಹೇಳಿದಂತೆ ಮಾಡುತ್ತಿದ್ದೆ, ತಪ್ಪಾದರೆ ಇಬ್ಬರದಾಗುತ್ತಿತ್ತು. ಚುಚ್ಚುವಾಗ ಅವಳು ಅಳಲಿಲ್ಲ, ನನ್ನನ್ನೇ ನೋಡುತ್ತಿದ್ದಳು. ಮರದಡಿ ಇವತ್ತು ಸಾಲು ಇತ್ತು. ಉದ್ದವೇನಲ್ಲ. ಓಬಣ್ಣನ ಸೊಸೆ ಇದ್ದಳು, ಓಬಣ್ಣ ಇರಲಿಲ್ಲ.

ಊರಲ್ಲಿ ಇಬ್ಬರಿಗೆ ಜ್ವರವಂತೆ. ಜನ ಮನೆ ಬಿಟ್ಟು ಹೊಲಗಳಿಗೆ ಬರುತ್ತಿದ್ದಾರೆ. ದೊಡ್ಡಬಸಮ್ಮ ನಮ್ಮ ಪಕ್ಕದಲ್ಲೇ ಗುಡಿಸಲು ಹಾಕಿಸುತ್ತಿದ್ದಾಳೆ. ಗಂಡಸರಿಗೆ ದಂಟು ಹೇಗೆ ಹೆಣೆಯಬೇಕೆಂದು ಅತ್ತೆ ಕುಳಿತಲ್ಲಿಂದಲೇ ಹೇಳಿಕೊಡುತ್ತಿದ್ದಾರೆ.

ಡಿಸೆಂಬರ್ ೨, ಶುಕ್ರವಾರ

ಮುಮ್ತಾಜಳ ಜ್ವರ ಇಳಿದು ಮೂರು ದಿನ. ಊರಿನ ಇಬ್ಬರಲ್ಲಿ ಒಬ್ಬ ತೀರಿಕೊಂಡ, ಒಬ್ಬಳು ಚೇತರಿಸಿಕೊಳ್ಳುತ್ತಿದ್ದಾಳೆ. ಅವಳು ಸೂಜಿ ಹಾಕಿಸಿಕೊಂಡಿರಲಿಲ್ಲ, ಸತ್ತವನೂ ಹಾಕಿಸಿಕೊಂಡಿರಲಿಲ್ಲ. ಇದರಿಂದ ಏನು ತಿಳಿಯಬೇಕು ಎಂದು ಎಲ್ಲರೂ ನನ್ನನ್ನು ಕೇಳುತ್ತಾರೆ. ಏನೂ ತಿಳಿಯದು ಅನ್ನುತ್ತೇನೆ. ಆದರೂ ಕೇಳುತ್ತಾರೆ.

ಹಗಲು ಕಾಗದ, ಸಂಜೆ ಕಥೆ. ಹೋದ ತಿಂಗಳ ಲೆಕ್ಕದಂತೆ ನಾನೀಗ ಹಡಗಿನಲ್ಲಿ ಅರ್ಧ ದಾರಿ ದಾಟಿರಬೇಕಿತ್ತು. ಕಾದಂಬರಿಯೇ ಹನ್ನೆರಡನೆಯ ಅಧ್ಯಾಯದಲ್ಲಿದೆ. ಪ್ರತಿ ಸಾಲಿಗೂ ಯಾರಾದರೊಬ್ಬರು ತಡೆಯುತ್ತಾರೆ. ಕಾಡಿನಲ್ಲಿ ಅವಳು ಬಲಕ್ಕೆ ತಿರುಗಿದ್ದು ತಪ್ಪು ಎಂದು ನಿನ್ನೆ ಜಗಳವೇ ಆಯಿತು.

ಡಿಸೆಂಬರ್ ೪, ಭಾನುವಾರ

ಮಧ್ಯಾಹ್ನ ಕೆಂಚಣ್ಣನ ಬಂಡಿ ರಸ್ತೆಯಲ್ಲಿ ನಿಂತಿತು. ಹಿಂದಿನಿಂದ ಒಬ್ಬರು ಇಳಿದರು. ಮೊದಲು ಗುರುತು ಸಿಗಲಿಲ್ಲ. ತಲೆ ಬೋಳಿಸಿದ್ದರು, ಮೈಮೇಲಿನ ಅಂಗಿ ಬೇರೆಯವರದು. ನಡಿಗೆ ನೋಡಿ ಗೊತ್ತಾಯಿತು.

"ಅಲ್ಲಾವುದ್ದೀನಾ," ಎಂದು ಅತ್ತೆ ಎದ್ದು ಓಡಿದರು.

ನಾನು ಓಡಿಹೋಗಿ ಅತ್ತೆಯನ್ನು ಸೊಂಟದ ಸುತ್ತ ಹಿಡಿದುಕೊಂಡೆ. ಮನೆಯವರು ಬದುವಿನ ಹತ್ತಿರ ಬಂದಿದ್ದರು.

"ಅಲ್ಲೇ ನಿಲ್ರಿ," ಅಂದೆ.

ಅವರು ನಿಂತರು. ಅವರಿಗೆ ಹಾಗೆ ನಾನು ಎಂದೂ ಹೇಳಿದವಳಲ್ಲ. ಆದರೂ ಹೇಳಿದೆ: "ಬಳ್ಳಾರಿಯಿಂದ ಬಂದೋರು ಹತ್ತು ದಿನ ಆಚಿ ಕಡಿ ಇರಬೇಕು. ಇಲ್ಲಿ ಕೂಸದಾವು, ಊರಿನ ಮಂದಿ ಅದಾರ. ಅಲ್ಲಿ ಹೊಸಾ ಗುಡಿಸಲೊಂದು ಖಾಲಿ ಐತಿ. ಊಟ ಬದುವಿನ ಮ್ಯಾಲಿಡ್ತೀನಿ."

ಅತ್ತೆ ನನ್ನ ಕೈಯನ್ನು ಕಿತ್ತುಹಾಕಲು ನೋಡಿದರು, ಬೈದರು, ಅತ್ತರು. ನಾನು ಬಿಡಲಿಲ್ಲ. ಸ್ವಲ್ಪ ಹೊತ್ತಿಗೆ ಅವರೇ ನೆಲದ ಮೇಲೆ ಕುಳಿತರು.

ಮನೆಯವರು ಆಚೆಯಿಂದಲೇ ಹೇಳಿದರು. ಎದುರುಮನೆಯ ಅಜ್ಜನ ಹೆಣ ಎತ್ತಲು ಯಾರೂ ಬಾರದಿದ್ದಾಗ ತಾವು ಹೆಗಲು ಕೊಟ್ಟರಂತೆ. ಅದಕ್ಕೇ ಕ್ಯಾಂಪಿಗೆ ಒಯ್ದರು. ಅಲ್ಲಿ ಜ್ವರ ಬಂತು, ತೊಡೆಯ ಸಂದಿಯಲ್ಲಿ ಗಡ್ಡೆ ಎದ್ದಿತು, ಒಡೆಯಿತು. ಪಕ್ಕದ ಚಾಪೆಯ ಇಬ್ಬರು ಹೋದರು, ತಾವು ಉಳಿದರು. "ಯಾಕ ಉಳದೆನೋ ನನಗ ಗೊತ್ತಿಲ್ಲ," ಅಂದರು. ಕೀಲಿ ಹಾಕಿದ ಅಂಗಡಿಯ ಬಾಗಿಲನ್ನು ಸರಕಾರದವರು ಒಡೆದು ಒಳಗಿದ್ದುದನ್ನೆಲ್ಲ ಸುಟ್ಟಿದ್ದಾರಂತೆ.

ಅವರಿಗೆ ಇನ್ನು ಬೇನೆ ಇಲ್ಲವಲ್ಲ, ಹತ್ತು ದಿನ ಯಾಕೆ ಎಂದು ಈರಮ್ಮ ನನ್ನ ಕಿವಿಯಲ್ಲಿ ಕೇಳಿದಳು. ಬೇನೆಯಿಂದ ಎದ್ದವರ ವಿಷಯ ಕಾಗದದಲ್ಲಿ ಇಲ್ಲ. ಬಟ್ಟೆಯಲ್ಲಿ ಬರುತ್ತದೆ ಎಂದಿದೆ. ನಾನು ಮಾಡಿದ್ದು ಸರಿಯೋ ಕ್ರೂರವೋ ಈಗಲೂ ತಿಳಿಯುತ್ತಿಲ್ಲ. ಮನೆಯವರು ಆ ಗುಡಿಸಲಿಗೆ ಹೋಗಿ ಕುಳಿತರು, ಅಷ್ಟೇ.

ಸಂಜೆ ಎಂದಿನಂತೆ ಎಲ್ಲರೂ ಸೇರಿದರು. ಇವತ್ತು ಬೇಡ ಅನ್ನಬೇಕೆಂದಿದ್ದೆ. ದೊಡ್ಡಬಸಮ್ಮ ಯಾರಿಗೂ ಹೇಳದೆ ಎದ್ದು, ತನ್ನ ಕಂಬಳಿಯನ್ನು ಬದುವಿನ ಹತ್ತಿರಕ್ಕೆ ಎಳೆದು ಹಾಸಿದಳು. ಉಳಿದವರೂ ಅಲ್ಲಿಗೆ ಸರಿದರು. ನಾನು ಅಲ್ಲಿ ಕುಳಿತು ಪುಸ್ತಕ ತೆರೆದೆ. ಹನ್ನೆರಡನೆಯ ಅಧ್ಯಾಯ.

"ಮೊದಲಿಂದ ಓದು. ನನಗ ಹಿಂದಿಂದು ಗೊತ್ತಿಲ್ಲ," ಎಂದು ಆಚೆಯಿಂದ ಮನೆಯವರು ಕೇಳಿದರು.

ಹೆಂಗಸರು ಗೊಣಗಿದರು. ಇಷ್ಟು ದಿನ ಕಾದಿದ್ದೀವಿ, ಅವಳು ಕಾಡಿನಿಂದ ಹೊರಗೆ ಬರುವುದು ಯಾವಾಗ ಎಂದರು. ನಾನು ಮೊದಲ ಪುಟಕ್ಕೆ ಹೋದೆ. ಓದಲು ಶುರುಮಾಡಿದ್ದಷ್ಟೇ, ನಾಲ್ಕು ಸಾಲಿಗೆ ಅತ್ತೆ ನನ್ನನ್ನು ತಡೆದು ಮುಂದಿನದನ್ನು ತಾವೇ ಬಾಯಿಂದ ಹೇಳಿದರು. ಅಲ್ಲಿಂದ ದೊಡ್ಡಬಸಮ್ಮ ಎತ್ತಿಕೊಂಡಳು. ರಾಜಕುಮಾರಿ ಅರಮನೆ ಬಿಡುವ ಹೊತ್ತಿಗೆ ಈರಮ್ಮ ಅವಳ ಸೆರಗಿಗೆ ನಾಲ್ಕು ರೊಟ್ಟಿ, ಹಿಂಡಿ ಚಟ್ನಿ ಕಟ್ಟಿಕೊಟ್ಟಳು. ಅದು ಪುಸ್ತಕದಲ್ಲಿಲ್ಲ ಎಂದು ನಾನು ಹೇಳಲಿಲ್ಲ.